ಹಿಪ್ನಗೋಜಿಯಾ: ಜೊಂಪಿಗೂ ಹೊಳಹಿಗೂ ಇರುವ ನಂಟು

ಎಚ್ಚರ ಕಳೆದು ನಿದ್ರೆ ಇನ್ನೂ ಹತ್ತದ, ಕೆಲವೇ ನಿಮಿಷಗಳ ಮನಃಸ್ಥಿತಿಯನ್ನು ಮನೋವಿಜ್ಞಾನದಲ್ಲಿ ಹಿಪ್ನಗೋಜಿಯಾ ಎನ್ನುತ್ತಾರೆ. ನಿದ್ರೆ ಮತ್ತು ಕರೆದೊಯ್ಯುವಿಕೆ ಎಂಬ ಅರ್ಥದ ಎರಡು ಗ್ರೀಕ್ ಪದಗಳು ಇದರಲ್ಲಿ ಸೇರಿವೆ. ಇದರ ವಿಶೇಷಣ ರೂಪವನ್ನು ಫ್ರಾನ್ಸಿನ ವಿದ್ವಾಂಸ ಆಲ್ಫ್ರೆಡ್ ಮೋರಿ 1848ರಲ್ಲಿ ಬಳಕೆಗೆ ತಂದರು. ಕನ್ನಡದಲ್ಲಿ ಇದಕ್ಕಾಗಿ ಹೊಸ ಪದವನ್ನು ಟಂಕಿಸುವ ಅಗತ್ಯ ನನಗೆ ಕಾಣುವುದಿಲ್ಲ, ‘ಜೊಂಪು’ ಎಂಬುದೇ ಸಾಕು.

ಜೊಂಪಿನಲ್ಲಿ ಬಣ್ಣದ ಚುಕ್ಕೆಗಳು, ಅಪರಿಚಿತ ಮುಖಗಳು, ತುಂಡು ಮಾತುಗಳು ಕರೆಯದೆಯೇ ಬಂದುಹೋಗುತ್ತವೆ. ಹಗಲಿನ ಕೆಲಸವೂ ಅಲ್ಲಿ ಮರುಕಳಿಸಬಹುದು. 2000ದಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ ಟೆಟ್ರಿಸ್ ಎಂಬ, ಬೀಳುವ ತುಂಡುಗಳನ್ನು ಜೋಡಿಸುವ ವಿಡಿಯೋ ಆಟ ಆಡಿದವರಿಗೆ ಜೊಂಪು ಹತ್ತುವಾಗ ಆ ತುಂಡುಗಳೇ ಕಾಣಿಸಿದವು. ಮಿದುಳಿಗೆ ಹಾನಿಯಾಗಿ, ಆ ಆಟ ಆಡಿದ್ದನ್ನೇ ಮರೆತಿದ್ದ ಕೆಲವರಿಗೂ ಅವು ಕಾಣಿಸಿದವು ಎಂಬುದು ಹೆಚ್ಚು ಬೆರಗಿನ ಸಂಗತಿ.

ಸೃಜನಶೀಲತೆಯೊಂದಿಗೆ ಈ ಸ್ಥಿತಿಯ ಹೆಸರು ತಳುಕು ಹಾಕಿಕೊಳ್ಳಲು ಮುಖ್ಯ ಕಾರಣ ರಸಾಯನವಿಜ್ಞಾನಿ ಕೆಕುಲೆ. ತೂಕಡಿಸುತ್ತಿದ್ದಾಗ ತನ್ನ ಬಾಲವನ್ನೇ ಕಚ್ಚಿಕೊಂಡ ಹಾವು ಕಂಡಿತೆಂದೂ ಅದರಿಂದ ಬೆಂಜೀನ್ ಎಂಬ ರಾಸಾಯನಿಕದ ಅಣುವಿನ ಉಂಗುರಾಕಾರದ ರಚನೆ ಹೊಳೆಯಿತೆಂದೂ ಅವರು 1890ರಲ್ಲಿ, ಅಂದರೆ ಸಿದ್ಧಾಂತ ಪ್ರಕಟವಾಗಿ 25 ವರ್ಷಗಳಾದ ಮೇಲೆ, ಹೇಳಿದರು. ಇಷ್ಟು ತಡವಾಗಿ ಬಂದ ನೆನಪನ್ನು ಇತಿಹಾಸಕಾರರೆಲ್ಲರೂ ಒಪ್ಪಿಲ್ಲ. ಚಿತ್ರಕಾರ ಡಾಲಿಯಂತೂ ಇದನ್ನೊಂದು ಉಪಾಯವನ್ನಾಗಿಯೇ ಮಾಡಿಕೊಂಡಿದ್ದರು: ಕೈಯಲ್ಲಿ ಭಾರವಾದ ಕೀಲಿಕೈ ಹಿಡಿದು ಕುರ್ಚಿಯಲ್ಲಿ ಒರಗುವುದು, ಸ್ನಾಯುಗಳು ಸಡಿಲಗೊಂಡು ಅದು ಕೆಳಗಿನ ತಟ್ಟೆಗೆ ಬಿದ್ದ ಸದ್ದಿಗೆ ಎಚ್ಚರಗೊಳ್ಳುವುದು.

ಪ್ಯಾರಿಸ್ಸಿನ ಸಂಶೋಧಕರು ಇದೇ ಉಪಾಯವನ್ನು ಪ್ರಯೋಗಕ್ಕೆ ಅಳವಡಿಸಿ, ಫಲಿತಾಂಶವನ್ನು 2021ರಲ್ಲಿ ಪ್ರಕಟಿಸಿದರು. ಒಳಗೊಂದು ಸುಲಭದ ನಿಯಮ ಅಡಗಿದ್ದ ಸಂಖ್ಯಾ ಸಮಸ್ಯೆಗಳನ್ನು ಬಿಡಿಸಿದವರಿಗೆ ನಡುವೆ 20 ನಿಮಿಷಗಳ ವಿರಾಮ ನೀಡಲಾಯಿತು. ವಿರಾಮದಲ್ಲಿ ಎಚ್ಚರವಾಗಿಯೇ ಇದ್ದವರಲ್ಲಿ ಶೇ. 30ರಷ್ಟು ಮಂದಿ ಆ ನಿಯಮವನ್ನು ಕಂಡುಕೊಂಡರೆ, ಕನಿಷ್ಠ 15 ಸೆಕೆಂಡುಗಳಷ್ಟಾದರೂ ಜೊಂಪು ಹತ್ತಿದವರಲ್ಲಿ ಆ ಪ್ರಮಾಣ ಶೇ. 83ಕ್ಕೆ ಏರಿತು, ಅದನ್ನೂ ದಾಟಿ ಗಾಢವಾದ ನಿದ್ರೆಗೆ ಹೋದವರಲ್ಲಿ ಶೇ. 14ಕ್ಕೆ ಕುಸಿಯಿತು. ಆದರೆ ಕೆಕುಲೆಯ ಹಾವಿನ ಕಥೆಗೆ ಹೊಂದದ ಅಂಶವೊಂದು ಇಲ್ಲಿದೆ. ಜೊಂಪಿನಲ್ಲಿ ಕಂಡ ಚಿತ್ರಗಳಿಗೂ ನಿಯಮ ಹೊಳೆದದ್ದಕ್ಕೂ ಸಂಬಂಧ ಕಂಡುಬರಲಿಲ್ಲ. ಎಚ್ಚರಗೊಂಡ ಕೂಡಲೇ ಉತ್ತರ ಸಿಗದೆ, ಮತ್ತೆ ಕುಳಿತು ಹಲವಾರು ಸಮಸ್ಯೆಗಳನ್ನು ಬಿಡಿಸಿದ ನಂತರವೇ ಅದು ಹೊಳೆಯಿತು.