ಅಜ್ಜನ ಮಠದ ಹುಡುಗ ಮತ್ತು ಅಮೆರಿಕದ ಸಿದ್ಧಯೋಗ

ಸಿದ್ಧಯೋಗ ಅಂದರೆ ಸ್ವಾಮಿ ಮುಕ್ತಾನಂದರು ಅಮೆರಿಕದಲ್ಲಿ ಬೆಳೆಸಿದ ಧ್ಯಾನ ಪಂಥ. ಅದರ ಹೆಸರೆತ್ತಿದರೆ ಹುಬ್ಬಳ್ಳಿಯಲ್ಲಿ ಬರುವ ಮೊದಲ ಪ್ರಶ್ನೆ: ಅದು ನಮ್ಮ ಸಿದ್ಧಾರೂಢ ಅಜ್ಜನದೇ ಅಲ್ವಾ? ಅಲ್ಲ. ಆದರೆ ಸಂಬಂಧವೇ ಇಲ್ಲ ಅನ್ನುವಂತೆಯೂ ಇಲ್ಲ. ನಡುವೆ ಮುಕ್ತಾನಂದರ ಗುರು ನಿತ್ಯಾನಂದರ ಹೆಸರು ಬಂದರೆ ಮಾತು ಸೀದಾ ಬಿಡದಿ ಆಶ್ರಮದ ನಿತ್ಯಾನಂದರ ಕಡೆ ಹೋಗುತ್ತದೆ. ಆ ಬಿಡದಿಯವರಿಗೂ ಈ ಕತೆಗೂ ಏನೇನೂ ಸಂಬಂಧವಿಲ್ಲ. ಗೊಂದಲ ಜಾಸ್ತಿ ಆಗಿದೆ, ಹಾಗಾಗಿ ಮೊದಲಿನಿಂದ ಹೇಳುತ್ತೇನೆ.

1920ರ ದಶಕ. ಮಂಗಳೂರು ಕಡೆಯ ಹುಡುಗನೊಬ್ಬ ಹದಿನೈದರ ಆಸುಪಾಸಿನಲ್ಲಿ ಮನೆ ಬಿಟ್ಟು ಹುಬ್ಬಳ್ಳಿಗೆ ಬಂದ. ಹುಟ್ಟಿದ್ದು 1908ರಲ್ಲಿ. ಬೀದರ್ ಸೀಮೆಯಿಂದ ಬಂದು ಇಲ್ಲೇ ನೆಲೆನಿಂತಿದ್ದ ಸಿದ್ಧಾರೂಢರು ಆಗ ತುಂಬ ವಯಸ್ಸಾದವರು. ಜಾತಿ ಕೇಳದೆ ಎಲ್ಲರಿಗೂ 'ಓಂ ನಮಃ ಶಿವಾಯ' ಹೇಳಿಕೊಡುತ್ತಿದ್ದರು. ಮಠದಲ್ಲಿ ಧ್ಯಾನ ಅಂತ ಬೇರೆ ತರಗತಿ ಇರಲಿಲ್ಲ. ಹಳೆಯ ಕಾಲದ ಕನ್ನಡ ವೇದಾಂತಿ ನಿಜಗುಣ ಶಿವಯೋಗಿಗಳ ಶಾಸ್ತ್ರ ಓದಬೇಕು, ಅರ್ಥ ಕೇಳಬೇಕು, ಮತ್ತೆ ಓದಬೇಕು. ವರ್ಷ ಎಷ್ಟಾದರೂ ಆಗಲಿ, ಅವಸರ ಇಲ್ಲ. ಹುಡುಗ ಇಲ್ಲೇ ವೇದಾಂತ, ಸಂಸ್ಕೃತ ಕಲಿತ. ಇಲ್ಲೇ ಸಂನ್ಯಾಸ ಪಡೆದ. ಮುಕ್ತಾನಂದ ಎಂಬ ಹೆಸರೂ ಹೀಗೆ ಬಂದದ್ದು.

1929ರಲ್ಲಿ ಅಜ್ಜ ತೀರಿಕೊಂಡರು. ಮುಕ್ತಾನಂದರು ಹುಬ್ಬಳ್ಳಿ ಬಿಟ್ಟರು, ಆದರೆ ದೂರ ಹೋಗಲಿಲ್ಲ. ಸಿದ್ಧಾರೂಢರ ಶಿಷ್ಯರಾದ ಮುಪ್ಪಿನಾರ್ಯ ಸ್ವಾಮಿಗಳು ರಾಣೆಬೆನ್ನೂರು ತಾಲೂಕಿನ ಐರಣಿ ಹೊಳೆಮಠದಲ್ಲಿದ್ದರು. ಓದು ಅಲ್ಲಿ ಮುಂದುವರಿಯಿತು. ವಿದೇಶಿ ಭಕ್ತರು ಹೇಳುವ ಕತೆಯಲ್ಲಿ ಈ ಭಾಗ ಒಂದೆರಡು ಸಾಲಿನಲ್ಲಿ ಮುಗಿಯುತ್ತದೆ. ನಮಗೆ ಅದೇ ದೊಡ್ಡದು.

ಆಮೇಲೆ ವರ್ಷಗಟ್ಟಲೆ ತಿರುಗಾಟ. 1947ರ ಆಗಸ್ಟ್ 15ರಂದು, ಮುಂಬೈ ಹತ್ತಿರದ ಗಣೇಶಪುರಿಯಲ್ಲಿ ಭಗವಾನ್ ನಿತ್ಯಾನಂದರಿಂದ ಶಕ್ತಿಪಾತ ಆಯಿತು ಎಂದು ಮುಕ್ತಾನಂದರೇ ಹೇಳಿಕೊಂಡಿದ್ದಾರೆ. ಶಕ್ತಿಪಾತ ಅಂದರೆ ಗುರುವಿನ ನೋಟದಿಂದಲೋ ಸ್ಪರ್ಶದಿಂದಲೋ ಶಿಷ್ಯನ ಒಳಗಿನ ಶಕ್ತಿ ಎಚ್ಚರವಾಗುವುದು. ಸಿದ್ಧಯೋಗದ ಬೇರು ಇದು, ಹುಬ್ಬಳ್ಳಿಯ ಓದಲ್ಲ.

1970ರಲ್ಲಿ ಅವರು ಮೊದಲ ಸಲ ಪಶ್ಚಿಮಕ್ಕೆ ಹೋದರು. ಸಮಯವೂ ಕೂಡಿಬಂತು. ಅಲ್ಲಿನ ಯುವಜನರು ಆಗ ಪೂರ್ವದ ಗುರುಗಳನ್ನು ಹುಡುಕುತ್ತಿದ್ದರು. 1974ರಿಂದ ಶುಲ್ಕ ಕೊಟ್ಟು ಸೇರುವ 'ಇಂಟೆನ್ಸಿವ್' ಶಿಬಿರಗಳು ಶುರುವಾದವು. ವಾರಾಂತ್ಯದಲ್ಲಿ ಶಕ್ತಿಪಾತ! ಕ್ಯಾಲಿಫೋರ್ನಿಯಾದ ಓಕ್ಲೆಂಡ್‌ನಲ್ಲಿ, ನ್ಯೂಯಾರ್ಕ್ ರಾಜ್ಯದಲ್ಲಿ ಆಶ್ರಮಗಳು ಬಂದವು. ಸಂಸ್ಥೆ ಹುಟ್ಟಿತು, ಸಿದ್ಧಯೋಗ ಎಂಬ ಹೆಸರು ನೋಂದಾಯಿತ ಗುರುತೂ ಆಯಿತು. ಅಲ್ಲಿ ಕೊಡುತ್ತಿದ್ದ ಮಂತ್ರ 'ಓಂ ನಮಃ ಶಿವಾಯ'. ಅದು ಹುಬ್ಬಳ್ಳಿಯಿಂದಲೇ ಹೋಯಿತು ಎಂದು ನಾನು ಹೇಳುತ್ತಿಲ್ಲ. ಮಂತ್ರಕ್ಕೆ ಊರೆಲ್ಲಿಯದು?

1982ರ ಅಕ್ಟೋಬರ್‌ನಲ್ಲಿ ಮುಕ್ತಾನಂದರು ತೀರಿಕೊಂಡರು. ಗದ್ದುಗೆಗೆ ಶಿಷ್ಯರಾಗಿದ್ದ ಅಕ್ಕ ತಮ್ಮ ಇಬ್ಬರನ್ನು ಮೊದಲೇ ನೇಮಿಸಿದ್ದರು. ತಮ್ಮನ ಹೆಸರೂ ನಿತ್ಯಾನಂದ, ಗೊಂದಲಕ್ಕೆ ಇದೂ ಒಂದು ಕಾರಣ. 1985ರಲ್ಲಿ ತಮ್ಮ ಹೊರಬಂದರು, ಅಕ್ಕ ಗುರುಮಾಯಿ ಚಿದ್ವಿಲಾಸಾನಂದರು ಒಬ್ಬರೇ ಗುರುವಾದರು. ಆ ವರ್ಷಗಳಲ್ಲೇ ಆಶ್ರಮದೊಳಗಿನ ನಡವಳಿಕೆಯ ಬಗ್ಗೆ ಅಮೆರಿಕದ ಪತ್ರಿಕೆಗಳಲ್ಲಿ ಗಂಭೀರ ದೂರುಗಳು ಅಚ್ಚಾದವು. ಕೆಲವರು ಬಿಟ್ಟು ಹೋದರು, ಕೆಲವರು ನಂಬಲಿಲ್ಲ. ಪ್ರಶ್ನೆ ಕೇಳುವುದೇ ಶ್ರದ್ಧೆಯ ಕೊರತೆ ಎನಿಸಿಕೊಳ್ಳುವ ಕಡೆ ಇಂಥದ್ದು ಹೊರಬರಲು ತಡವಾಗುತ್ತದೆ.

ಇತ್ತ ಹುಬ್ಬಳ್ಳಿಯಲ್ಲಿ 2020ರಲ್ಲಿ ರೈಲು ನಿಲ್ದಾಣಕ್ಕೆ ಸಿದ್ಧಾರೂಢರ ಹೆಸರಿಟ್ಟರು. ಶಿವರಾತ್ರಿ ಜಾತ್ರೆಗೆ ಜನ ಸುಮ್ನೆ ಬರುತ್ತಾರೆ, ಪ್ರಸಾದ ಉಂಡು ಹೋಗುತ್ತಾರೆ. ಮುಕ್ತಾನಂದರ ಹೆಸರು ಕೇಳಿದರೆ ಬಹಳ ಮಂದಿ 'ಯಾರ್ರೀ ಅವರು?' ಅಂತಾರೆ.