ಕಣ್ಣಾಡಿಸುವ ಥೆರಪಿಯಿಂದ ಬಾರ್ಡರ್‌ಲೈನ್ ವಾಸಿಯಾಗುತ್ತಾ?

ಪ್ರಶ್ನೆ: ನನ್ನ ತಂಗಿಗೆ ಬಾರ್ಡರ್‌ಲೈನ್ ಪರ್ಸನಾಲಿಟಿ ಡಿಸಾರ್ಡರ್, ಅಂದರೆ ಭಾವನೆಗಳು ಹಿಡಿತಕ್ಕೆ ಸಿಗದೆ ಸಂಬಂಧಗಳು ಪದೇ ಪದೇ ಕೆಡುವ ಮಾನಸಿಕ ತೊಂದರೆ ಇದೆ ಅಂತ ಡಾಕ್ಟರ್ ಹೇಳಿದ್ದಾರೆ. ಚಿಕ್ಕವಳಿದ್ದಾಗ ಮನೆಯಲ್ಲೇ ತುಂಬಾ ಹೊಡೆತ ತಿಂದವಳು. ಇಎಮ್‌ಡಿಆರ್ ಅನ್ನುವ ಕಣ್ಣಾಡಿಸುವ ಥೆರಪಿ ಮಾಡಿಸಿದರೆ ವಾಸಿಯಾಗುತ್ತೆ ಅಂತ ಒಬ್ಬರು ಹೇಳುತ್ತಾರೆ. ಹಳೆಯದನ್ನೆಲ್ಲ ಕೆದಕಿದರೆ ಇನ್ನೂ ಹದಗೆಡುತ್ತಾಳೆ ಅಂತ ಇನ್ನೊಬ್ಬರು ಹೇಳುತ್ತಾರೆ. ಯಾರ ಮಾತು ಕೇಳಲಿ?

ಉತ್ತರ: ಮೊದಲನೆಯವರು ಸ್ವಲ್ಪ ಜಾಸ್ತಿ ಹೇಳಿದ್ದಾರೆ. ಎರಡನೆಯವರದು ಹಳೇ ಹೆದರಿಕೆ. ಆದರೆ ಅದನ್ನು ಪೂರ್ತಿ ತಳ್ಳಿಹಾಕುವ ಹಾಗೂ ಇಲ್ಲ.

ಇಎಮ್‌ಡಿಆರ್ ಶುರುವಾಗಿದ್ದು ಅಮೆರಿಕದಲ್ಲಿ. ಫ್ರಾನ್ಸಿನ್ ಶಪಿರೊ ಎಂಬ ಮನಶ್ಶಾಸ್ತ್ರಜ್ಞೆ 1987ರಲ್ಲಿ ಇದನ್ನು ರೂಪಿಸತೊಡಗಿದರು, 1989ರಲ್ಲಿ ಮೊದಲ ಅಧ್ಯಯನ ಪ್ರಕಟಿಸಿದರು. ಆಘಾತದ ನಂತರ ಕಾಡುವ ಪಿಟಿಎಸ್‌ಡಿ ಎಂಬ ಮಾನಸಿಕ ತೊಂದರೆಗೆ ಈ ಚಿಕಿತ್ಸೆ ಕೊಡಬಹುದು ಎಂದು ವಿಶ್ವ ಆರೋಗ್ಯ ಸಂಸ್ಥೆ 2013ರಲ್ಲಿ ಹೇಳಿತು. ಗಮನಿಸಿ, ಆ ಮಾತು ಪಿಟಿಎಸ್‌ಡಿ ಬಗ್ಗೆ. ಬಾರ್ಡರ್‌ಲೈನ್ ಬಗ್ಗೆ ಅಲ್ಲ.

ಸೆಷನ್‌ನಲ್ಲಿ ಏನು ನಡೆಯುತ್ತೆ? ಕಾಡುವ ಒಂದು ನೆನಪನ್ನು ಆರಿಸಿಕೊಳ್ಳುತ್ತಾರೆ. ಅದನ್ನು ನೆನೆದರೆ ಎಷ್ಟು ಸಂಕಟವಾಗುತ್ತೆ ಅಂತ ಸೊನ್ನೆಯಿಂದ 10ರ ಒಳಗೆ ಒಂದು ಅಂಕಿ ಹೇಳಬೇಕು. ಆಮೇಲೆ ಆ ದೃಶ್ಯವನ್ನು ಮನಸ್ಸಿನಲ್ಲಿಟ್ಟುಕೊಂಡೇ, ಥೆರಪಿಸ್ಟ್ ಬೆರಳು ಆಡಿಸಿದ ಕಡೆ ಕಣ್ಣು ಆಡಿಸಬೇಕು, ಎಡಕ್ಕೆ, ಬಲಕ್ಕೆ. ಸ್ವಲ್ಪ ಹೊತ್ತಿಗೆ ನಿಲ್ಲಿಸಿ, ಈಗ ಏನು ಬಂತು ಅಂತ ಕೇಳುತ್ತಾರೆ. ಮತ್ತೆ ಶುರು. ಸಂಕಟದ ಅಂಕಿ ಇಳಿಯುವ ತನಕ ಹೀಗೇ. ಇದು ಹಿಪ್ನಾಟಿಸಂ ಅಲ್ಲ, ಎಚ್ಚರ ತಪ್ಪುವುದಿಲ್ಲ. ನಡೆದದ್ದನ್ನೆಲ್ಲ ಬಿಡಿಸಿ ಹೇಳಲೇಬೇಕು ಅಂತಲೂ ಇಲ್ಲ. ಬಾಯಿಬಿಟ್ಟು ಹೇಳಿಕೊಳ್ಳಲಾಗದ ಹಿಂಸೆ ಅನುಭವಿಸಿದವರಿಗೆ ಇದೇ ದೊಡ್ಡ ಸಮಾಧಾನ.

ಕಣ್ಣು ಆಡಿಸಿದರೆ ನೆನಪಿನ ಉರಿ ಯಾಕೆ ಕಡಿಮೆಯಾಗಬೇಕು? ಹೆಚ್ಚಿನವರು ಒಪ್ಪುವ ವಿವರಣೆ ಹೀಗಿದೆ. ನಮ್ಮ ಮನಸ್ಸು ಒಂದೇ ಸಲಕ್ಕೆ ಹಿಡಿದಿಟ್ಟುಕೊಳ್ಳುವುದಕ್ಕೆ ಮಿತಿ ಇದೆ. ಬೆರಳನ್ನೂ ನೋಡಬೇಕು, ದೃಶ್ಯವನ್ನೂ ಹಿಡಿದಿರಬೇಕು ಅಂದಾಗ ದೃಶ್ಯ ಮಸುಕಾಗುತ್ತೆ. ಕಣ್ಣಿನ ಚಲನೆ ಬೇಕೇ ಬೇಕಾ, ನೆನಪನ್ನು ಎದುರಿಸುವುದೇ ಸಾಕಲ್ವಾ ಎಂದು ವಾದಿಸುವ ಸಂಶೋಧಕರೂ ಇದ್ದಾರೆ. ಆ ಜಗಳ ಇನ್ನೂ ಮುಗಿದಿಲ್ಲ.

ಈಗ ನಿಮ್ಮ ತಂಗಿಯ ವಿಷಯ. ಬಾರ್ಡರ್‌ಲೈನ್ ಇರುವವರಲ್ಲಿ ಬಾಲ್ಯದ ಹಿಂಸೆ, ನಿರ್ಲಕ್ಷ್ಯ ಬಹಳ ಸಾಮಾನ್ಯ. ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದವರು ಹಲವು ಅಧ್ಯಯನಗಳನ್ನು ಒಟ್ಟು ಸೇರಿಸಿ ನೋಡಿದಾಗ, ಮಾನಸಿಕ ಕಾಯಿಲೆ ಇಲ್ಲದವರಿಗಿಂತ ಇವರು ಬಾಲ್ಯದ ಕಷ್ಟ ಹೇಳಿಕೊಳ್ಳುವ ಸಾಧ್ಯತೆ ಸುಮಾರು 14 ಪಟ್ಟು ಹೆಚ್ಚಿತ್ತು. ಹಾಗಂತ ಎಲ್ಲರಿಗೂ ಇಂಥ ಹಿನ್ನೆಲೆ ಇರುವುದಿಲ್ಲ. ಇರುವವರಲ್ಲಿ ಏನಾಗುತ್ತೆ ಅಂದರೆ, ಇವತ್ತು ಗೆಳತಿ ಫೋನ್ ಎತ್ತಲಿಲ್ಲ ಅನ್ನುವಷ್ಟಕ್ಕೇ ಅಂದಿನ ಭಯ ಎದ್ದು ಕೂರುತ್ತೆ. ನೋಡುವವರಿಗೆ ಸಿಟ್ಟಷ್ಟೇ ಕಾಣುತ್ತೆ. ಇಎಮ್‌ಡಿಆರ್ ಕೈ ಹಾಕುವುದು ಆ ಹಳೇ ನೆನಪಿಗೆ.

ಅದರಿಂದ ಉಪಯೋಗ ಇದೆ ಅನ್ನುವುದಕ್ಕೆ ಆಧಾರ ಬರುತ್ತಿದೆ. ನೆದರ್ಲೆಂಡ್ಸ್‌ನಲ್ಲಿ ಬೇರೆ ಬೇರೆ ಬಗೆಯ ಪರ್ಸನಾಲಿಟಿ ಡಿಸಾರ್ಡರ್ ಇದ್ದ 97 ಜನರ ಮೇಲೆ ನಡೆದ ಅಧ್ಯಯನ 2020ರಲ್ಲಿ ಪ್ರಕಟವಾಯಿತು. ಅವರಲ್ಲಿ ಕೆಲವರಿಗೆ ತಲಾ 90 ನಿಮಿಷದ ಐದು ಇಎಮ್‌ಡಿಆರ್ ಸೆಷನ್ ಅಷ್ಟೇ. ಕಾಯುವ ಪಟ್ಟಿಯಲ್ಲಿದ್ದವರಿಗಿಂತ ಇವರ ತೊಂದರೆಗಳು ಕಡಿಮೆಯಾದವು. ಒಳ್ಳೆಯ ಸುದ್ದಿಯೇ. ಆದರೆ ಏನೂ ಚಿಕಿತ್ಸೆ ಸಿಗದವರ ಜೊತೆ ಹೋಲಿಸಿದ್ದು ಅನ್ನುವುದನ್ನು ಮರೆಯಬೇಡಿ.

ಸಿಟ್ಟು ಏರಿದಾಗ ತಡೆದುಕೊಳ್ಳುವುದು, ಸಂಬಂಧ ಉಳಿಸಿಕೊಳ್ಳುವುದು, ತನಗೆ ತಾನೇ ಗಾಯ ಮಾಡಿಕೊಳ್ಳದೆ ಒಂದು ರಾತ್ರಿ ಕಳೆಯುವುದು, ಇವು ನೆನಪು ತಣ್ಣಗಾದ ಮಾತ್ರಕ್ಕೆ ಬಂದುಬಿಡುವುದಿಲ್ಲ. ಕಲಿಯಬೇಕು. ಅದನ್ನು ಕಲಿಸುವ ಡಿಬಿಟಿ (ಡಯಲೆಕ್ಟಿಕಲ್ ಬಿಹೇವಿಯರ್ ಥೆರಪಿ) ಎಂಬ ಚಿಕಿತ್ಸೆಗೇ ಬಾರ್ಡರ್‌ಲೈನ್‌ನಲ್ಲಿ ಜಾಸ್ತಿ ಆಧಾರ ಇರುವುದು.  ಹಾಗಾಗಿ ನನ್ನ ಪ್ರಕಾರ ಇಎಮ್‌ಡಿಆರ್ ಡಿಬಿಟಿ ಜೊತೆಗೆ ಬರಬೇಕಾದದ್ದು, ಅದರ ಬದಲಿಗೆ ಅಲ್ಲ.

ಇನ್ನು ಹದಗೆಡುವ ಭಯ. ರೋಗಿ ಪೂರ್ತಿ ಸ್ಥಿರವಾಗುವ ತನಕ ಆಘಾತದ ನೆನಪು ಮುಟ್ಟಲೇಬಾರದು ಅನ್ನುವ ಅಭಿಪ್ರಾಯ ಬಹಳ ವರ್ಷ ಇತ್ತು. ಈಗ ಅದು ಸಡಿಲವಾಗಿದೆ. ಸ್ಥಿರವಾಗಲಿ ಅಂತ ವರ್ಷಗಟ್ಟಲೆ ಕಾಯಿಸಿದರೆ, ಅಸ್ಥಿರತೆಗೆ ಕಾರಣವಾದದ್ದೇ ಒಳಗೆ ಉಳಿದುಬಿಡುತ್ತೆ ಅಲ್ವಾ? ಆದರೂ ಈಚೆಗೆ ಜೀವ ಕಳೆದುಕೊಳ್ಳಲು ಹೊರಟಿದ್ದರೆ ಮೊದಲು ಸುರಕ್ಷತೆ. ಕೂತಲ್ಲೇ ಎಲ್ಲೋ ಕಳೆದುಹೋದ ಹಾಗೆ, ಸುತ್ತಲಿನದು ನಿಜವೇ ಅಲ್ಲದ ಹಾಗೆ ಅನಿಸುವವರಲ್ಲೂ ನಿಧಾನಕ್ಕೆ ಹೋಗಬೇಕು. ಇಎಮ್‌ಡಿಆರ್‌ನ ಎಂಟು ಹಂತಗಳಲ್ಲಿ ಎರಡನೆಯದು ಬರೀ ತಯಾರಿಯದು. ಬಾರ್ಡರ್‌ಲೈನ್ ಇದ್ದರೆ ಆ ಹಂತಕ್ಕೇ ವಾರಗಟ್ಟಲೆ ಬೇಕಾಗಬಹುದು. ಮೊದಲ ದಿನವೇ ಬೆರಳು ಆಡಿಸಲು ಶುರು ಮಾಡುವವರ ಹತ್ತಿರ ಹೋಗಬೇಡಿ.

ಥೆರಪಿಸ್ಟ್‌ಗೆ ಕೇಳಲು ಸಂಕೋಚ ಬೇಡ: ಇಎಮ್‌ಡಿಆರ್ ತರಬೇತಿ ಎಲ್ಲಿ ಆಯಿತು, ಬಾರ್ಡರ್‌ಲೈನ್ ಇರುವವರನ್ನು ನೋಡಿದ್ದೀರಾ, ಮಧ್ಯರಾತ್ರಿ ತಂಗಿಗೆ ತಡೆಯಲಾಗದಿದ್ದರೆ ಏನು ಮಾಡಲಿ? ಮೂರನೆಯದಕ್ಕೆ ಸ್ಪಷ್ಟ ಉತ್ತರ ಬರಲೇಬೇಕು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಹಗಲು ರಾತ್ರಿ ಇದೆ, ಕನ್ನಡದಲ್ಲೇ ಮಾತಾಡಬಹುದು. ಡಾಕ್ಟರ್ ಕೊಟ್ಟ ಮಾತ್ರೆಗಳನ್ನು ಥೆರಪಿ ಶುರುವಾಯಿತು ಅಂತ ನೀವೇ ನಿಲ್ಲಿಸಬೇಡಿ.

ಸೆಷನ್ ಆದ ಒಂದೆರಡು ದಿನ ಕೆಟ್ಟ ಕನಸು, ಅಳು, ಸುಸ್ತು ಬರಬಹುದು. ಮನೆಗೆ ಬಂದ ಕೂಡಲೇ ಏನೇನು ಹೇಳಿದೆ, ನಮ್ಮ ಬಗ್ಗೆ ಏನಾದರೂ ಅಂದೆಯಾ ಅಂತ ಅವಳನ್ನು ಕೆದಕಬೇಡಿ. ಹೊಡೆದವರು ಇನ್ನೂ ಅದೇ ಮನೆಯಲ್ಲಿದ್ದರೆ ಥೆರಪಿಸ್ಟ್‌ಗೆ ಮೊದಲೇ ಹೇಳಬೇಕಾದ ವಿಷಯ ಅದು.