ಸುಮ್ನೆ ಬಿದ್ದಿರೋ ಕಾಂಕ್ರೀಟು ಕಿತ್ತರೆ ಬಡಾವಣೆ ತಂಪಾಗುತ್ತಾ?

ಬೇಸಿಗೆಯ ರಾತ್ರಿ ಒಂಬತ್ತು ಗಂಟೆಗೆ ಸಿಮೆಂಟು ಅಂಗಳದ ಮೇಲೆ ಅಂಗೈ ಇಟ್ಟು ನೋಡಿ. ಸೂರ್ಯ ಮುಳುಗಿ ಎಷ್ಟೋ ಹೊತ್ತಾಗಿದ್ದರೂ ನೆಲ ಇನ್ನೂ ಬೆಚ್ಚಗಿರುತ್ತದೆ. ನಾಲ್ಕು ಹೆಜ್ಜೆ ಆಚೆ ಮರದ ಬುಡದ ಮಣ್ಣು ಮುಟ್ಟಿದರೆ ಅದು ಆಗಲೇ ತಣ್ಣಗಾಗಿರುತ್ತದೆ. ಹಗಲೆಲ್ಲಾ ಕುಡಿದ ಬಿಸಿಲನ್ನು ಕಾಂಕ್ರೀಟು ರಾತ್ರಿಯಿಡೀ ನಿಧಾನಕ್ಕೆ ಹೊರಗೆ ಬಿಡುತ್ತಾ ಇರುತ್ತದೆ. ಅದರ ಪಕ್ಕದ ಮನೆಗಳಲ್ಲಿ ಮಲಗಿದವರಿಗೆ ಸೆಕೆ ತಡೆಯೋಕಾಗಲ್ಲ, ನಿದ್ದೆ ಹತ್ತಲ್ಲ.

ಇದು ಹೊಸ ವಿಷಯವೇನಲ್ಲ. ಲಂಡನ್ನಿನ ಲ್ಯೂಕ್ ಹೊವರ್ಡ್ ಇದನ್ನು ಇನ್ನೂರು ವರ್ಷದ ಹಿಂದೆಯೇ ಅಳೆದಿದ್ದರು. ಮೋಡಗಳಿಗೆ ಇವತ್ತಿಗೂ ಬಳಕೆಯಲ್ಲಿರುವ ಹೆಸರುಗಳನ್ನು ಕೊಟ್ಟವರೂ ಅವರೇ. ವರ್ಷಗಟ್ಟಲೆ ದಿನಾ ಥರ್ಮಾಮೀಟರು ನೋಡಿ ಬರೆದಿಟ್ಟು, 1818ರಿಂದ ಆ ಲೆಕ್ಕವನ್ನು ಪುಸ್ತಕವಾಗಿ ಹೊರತಂದರು. ರಾತ್ರಿ ಹೊತ್ತು ಲಂಡನ್ ಸುತ್ತಲಿನ ಹಳ್ಳಿಗಳಿಗಿಂತ ಸುಮಾರು 2 ಡಿಗ್ರಿ ಸೆಲ್ಸಿಯಸ್ ಬಿಸಿಯಾಗಿತ್ತು, ಹಗಲಲ್ಲಿ ಅಂಥ ವ್ಯತ್ಯಾಸವೇ ಇರಲಿಲ್ಲ. ಅಂದರೆ ಊರಿನ ಕಾವು ಮುಖ್ಯವಾಗಿ ರಾತ್ರಿಯದ್ದು ಅನ್ನೋದು ಆಗಲೇ ಗೊತ್ತಿತ್ತು.

ಹಾಗಾದರೆ ಇಷ್ಟೊಂದು ಕಾಂಕ್ರೀಟು ಯಾಕೆ ಹಾಕಿದರು? ಹಾಕಿದವರನ್ನು ಬೈದು ಪ್ರಯೋಜನವಿಲ್ಲ, ಅವರಿಗೆ ಒಳ್ಳೆಯ ಕಾರಣಗಳೇ ಇದ್ದವು. ಕೆಸರು, ಧೂಳು, ನಿಂತ ನೀರು, ಅದರಿಂದ ಬರುವ ಕಾಯಿಲೆ, ಇವೆಲ್ಲದಕ್ಕೂ ಗಟ್ಟಿ ನೆಲ ಸುಲಭದ ಉತ್ತರವಾಗಿತ್ತು. ಕಬ್ಬಿಣ ಸೇರಿಸಿದ ಕಾಂಕ್ರೀಟಿಗೆ 1867ರಲ್ಲಿ ಪೇಟೆಂಟ್ ಪಡೆದ ಜೋಸೆಫ್ ಮೋನಿಯೆ ಫ್ರಾನ್ಸಿನ ಒಬ್ಬ ತೋಟಗಾರ. ಗಿಡ ನೆಡುವ ಕುಂಡಗಳು ಒಡೆಯದೆ ಬಾಳಿಕೆ ಬರಲಿ ಅಂತ ಆತ ಅದನ್ನು ಮಾಡಿದ್ದ.

ಆಮೇಲೆ ಕಾರು ಬಂತು. 1923ರಲ್ಲಿ ಅಮೆರಿಕದ ಕೊಲಂಬಸ್ ನಗರ, ಅಪಾರ್ಟ್‌ಮೆಂಟ್ ಕಟ್ಟುವವರು ಇಂತಿಷ್ಟು ಪಾರ್ಕಿಂಗ್ ಜಾಗ ಬಿಡಲೇಬೇಕು ಎಂದು ನಿಯಮ ಮಾಡಿತು. ಎರಡನೇ ಮಹಾಯುದ್ಧದ ನಂತರ ಇಂಥ ನಿಯಮ ಊರೂರಿಗೆ ಹರಡಿತು. ವರ್ಷದಲ್ಲಿ ಅತಿ ಹೆಚ್ಚು ಜನ ಬರುವ ದಿನಕ್ಕೆ ಎಷ್ಟು ಬೇಕೋ ಅಷ್ಟು ಜಾಗಕ್ಕೆ ಡಾಂಬರು ಹಾಕಿದರು, ಉಳಿದ ದಿನ ಅದು ಖಾಲಿ. ಮುಚ್ಚಿದ ಅಂಗಡಿಯ ಮುಂದಿನ ಅಂಗಳ, ಶಾಲೆಯಲ್ಲಿ ಮಕ್ಕಳು ಕಾಲಿಡದ ಮೂಲೆ, ಎರಡು ಕಟ್ಟಡಗಳ ನಡುವಿನ ಪಟ್ಟಿ, ಇವನ್ನೆಲ್ಲಾ ಲೆಕ್ಕ ಹಾಕಿದರೆ ಒಂದು ಬಡಾವಣೆಯಲ್ಲೇ ಎಷ್ಟೊಂದು ಜಾಗ ಸಿಗುತ್ತದೆ ಅಲ್ವಾ?

ನನಗೆ ಈ ಕಥೆಯಲ್ಲಿ ತುಂಬಾ ಹಿಡಿಸಿದ್ದು ಏನೆಂದರೆ, ಕಾಂಕ್ರೀಟು ಕೀಳಲು ಜನ ಶುರು ಮಾಡಿದ್ದು ಹೆಚ್ಚಾಗಿ ತಂಪಿಗಾಗಿ ಅಲ್ಲ, ಮಳೆನೀರಿಗಾಗಿ. ಲಂಡನ್ನಿನಲ್ಲಿ ಮನೆ ಮುಂದಿನ ಕೈತೋಟಗಳಿಗೆ ಕಲ್ಲು, ಸಿಮೆಂಟು ಹಾಸಿ ಕಾರು ನಿಲ್ಲಿಸುವುದು ಎಷ್ಟು ಹೆಚ್ಚಿತ್ತೆಂದರೆ, ಹಾಗೆ ಮುಚ್ಚಿಹೋದ ನೆಲ 32 ಚದರ ಕಿಲೋಮೀಟರ್ ಎಂದು 2005ರಲ್ಲಿ ಲಂಡನ್ ಅಸೆಂಬ್ಲಿಯ ವರದಿ ಹೇಳಿತು. 2007ರ ಬೇಸಿಗೆಯಲ್ಲಿ ದೊಡ್ಡ ಪ್ರವಾಹ ಬಂತು. ಮರುವರ್ಷ ಇಂಗ್ಲೆಂಡಿನಲ್ಲಿ, ಮನೆ ಮುಂದೆ 5 ಚದರ ಮೀಟರಿಗಿಂತ ಜಾಸ್ತಿ ಜಾಗಕ್ಕೆ ನೀರು ಇಂಗದ ಹಾಸು ಹಾಕಬೇಕಾದರೆ ಅನುಮತಿ ಬೇಕು ಎಂಬ ನಿಯಮ ಬಂತು. ಅದೇ ಹೊತ್ತಿಗೆ ಅಮೆರಿಕದ ಪೋರ್ಟ್‌ಲ್ಯಾಂಡಿನಲ್ಲಿ 'ಡಿಪೇವ್' ಎಂಬ ಸಂಘ ಹುಟ್ಟಿಕೊಂಡಿತು. ಸ್ವಯಂಸೇವಕರು ಹಾರೆ ಹಿಡಿದು ಬೇಡದ ಡಾಂಬರು ಕಿತ್ತು ಗಿಡ ನೆಡುತ್ತಿದ್ದರು. ಅವರ ಚಿಂತೆಯೂ ಮೊದಲಿಗೆ ರಸ್ತೆಯ ಕೊಳೆ ಹೊತ್ತು ನದಿ ಸೇರುವ ಮಳೆನೀರಿನದ್ದೇ.

ಆದರೆ ನೀರೂ ತಂಪೂ ಬೇರೆ ಬೇರೆ ಅಲ್ಲ. ಜ್ವರ ಬಂದವರ ಹಣೆಗೆ ಒದ್ದೆ ಬಟ್ಟೆ ಹಾಕುತ್ತೇವಲ್ಲ, ಲೆಕ್ಕ ಅದೇ. ನೀರು ಆವಿಯಾಗುವಾಗ ಸುತ್ತಲಿನ ಕಾವನ್ನು ಎಳೆದುಕೊಳ್ಳುತ್ತದೆ. ಒಂದು ಲೀಟರ್ ನೀರು ಆವಿಯಾದರೆ ಕರೆಂಟ್ ಬಿಲ್ಲಿನ ಲೆಕ್ಕದಲ್ಲಿ ಸುಮಾರು 0.7 ಯೂನಿಟ್‌ನಷ್ಟು ಶಾಖ ಅದರ ಜೊತೆ ಹೋಗುತ್ತದೆ. ದಿನಕ್ಕೆ 100 ಲೀಟರ್ ನೀರು ಎಲೆಗಳ ಮೂಲಕ ಬಿಡುವ ಮರವೊಂದು ಸುಮಾರು 70 ಯೂನಿಟ್ ಶಾಖ ಕಳೆಯುತ್ತದೆ. ಕಾಂಕ್ರೀಟು ಹಾಸಿದಾಗ ಮಳೆ ಚರಂಡಿ ಸೇರುತ್ತದೆ, ಮಣ್ಣಿಗೆ ಬೆವರಲು ನೀರೇ ಇರುವುದಿಲ್ಲ. ನೆರಳಿನ ಲಾಭ ಬೇರೆ: ಸುಡುವ ಮಧ್ಯಾಹ್ನದಲ್ಲಿ ಬಿಸಿಲಿಗೆ ಬಿದ್ದ ನೆಲಕ್ಕಿಂತ ಮರದ ನೆರಳಿನ ನೆಲ 11ರಿಂದ 25 ಡಿಗ್ರಿಯವರೆಗೆ ತಂಪಾಗಿರಬಹುದು. ಗಾಳಿ ಇಷ್ಟೊಂದು ತಂಪಾಗಲ್ಲ, ಅದು ನೆನಪಿರಲಿ.

ಸೆಕೆ ಜೀವ ತೆಗೆಯುತ್ತದೆ ಎಂದು ಊರುಗಳಿಗೆ ಅರ್ಥವಾಗಲು ಸಾವುಗಳೇ ಬೇಕಾದವು. 1995ರ ಜುಲೈನಲ್ಲಿ ಷಿಕಾಗೋದಲ್ಲಿ 700ಕ್ಕೂ ಹೆಚ್ಚು ಜನ ಸತ್ತರು. 2003ರಲ್ಲಿ ಫ್ರಾನ್ಸೊಂದರಲ್ಲೇ ಸುಮಾರು 15,000 ಜನ, ಅದರಲ್ಲೂ ವಯಸ್ಸಾದವರೇ ಜಾಸ್ತಿ. ರಾತ್ರಿಯೂ ತಂಪಾಗದ ಕೋಣೆಯಲ್ಲಿ ದೇಹಕ್ಕೆ ಸುಧಾರಿಸಿಕೊಳ್ಳಲು ಹೊತ್ತೇ ಸಿಗುವುದಿಲ್ಲ. ಹೊವರ್ಡ್ ಬರೆದಿಟ್ಟ ಆ ರಾತ್ರಿಯ 2 ಡಿಗ್ರಿಯ ತೂಕ ಗೊತ್ತಾಗುವುದು ಇಲ್ಲಿ.

ಈ ಕಾವು ಎಲ್ಲರ ಮೇಲೂ ಸಮನಾಗಿ ಬೀಳುವುದಿಲ್ಲ. 1930ರ ದಶಕದಲ್ಲಿ ಅಮೆರಿಕದಲ್ಲಿ ಸಾಲ ಕೊಡಲು ಅಪಾಯದ ಜಾಗ ಎಂದು ನಕ್ಷೆಯಲ್ಲಿ ಕೆಂಪು ಬಳಿದ ಬಡಾವಣೆಗಳಿದ್ದವು, ಅಲ್ಲಿದ್ದವರಲ್ಲಿ ಕಪ್ಪು ಜನ ಮತ್ತು ಬಡವರೇ ಹೆಚ್ಚು. 108 ಊರುಗಳನ್ನು ಹೋಲಿಸಿ 2020ರಲ್ಲಿ ಬಂದ ಅಧ್ಯಯನದ ಪ್ರಕಾರ, ಆ ಬಡಾವಣೆಗಳ ನೆಲ ಇವತ್ತಿಗೂ ಸರಾಸರಿ 2.6 ಡಿಗ್ರಿ ಹೆಚ್ಚು ಬಿಸಿ. ಹಣ ಹೋಗದ ಕಡೆ ಮರವೂ ಹೋಗಲಿಲ್ಲ. ಕೀಳುವ ಕೆಲಸ ಶುರುವಾಗಬೇಕಾದ್ದೂ ಅಲ್ಲಿಂದಲೇ ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ದೊಡ್ಡ ಉದಾಹರಣೆ ಬೇಕಾದರೆ ದಕ್ಷಿಣ ಕೊರಿಯಾದ ಸೋಲ್ ನಗರ ಇದೆ. 1958ರಿಂದ ಕಾಂಕ್ರೀಟಿನಡಿ ಮುಚ್ಚಿಹೋಗಿದ್ದ ಚಿಯಾಂಗ್‌ಗೆಚಿಯಾನ್ ಹೊಳೆಯನ್ನು, ಅದರ ಮೇಲಿನ ಎತ್ತರದ ರಸ್ತೆಯನ್ನೂ ಒಡೆದುಹಾಕಿ, 2005ರಲ್ಲಿ 5.8 ಕಿಲೋಮೀಟರ್ ಉದ್ದಕ್ಕೆ ಮತ್ತೆ ತೆರೆದರು. ಹೊಳೆಯ ಪಕ್ಕ, ಹತ್ತಿರದ ಸಮಾಂತರ ರಸ್ತೆಗಿಂತ 3.3ರಿಂದ 5.9 ಡಿಗ್ರಿ ತಂಪು ಅಳತೆಗೆ ಸಿಕ್ಕಿತು. ಆದರೆ ಎಲ್ಲ ಊರಿಗೂ ಅಷ್ಟು ದುಡ್ಡು ಎಲ್ಲಿಂದ ಬರಬೇಕು? ನನಗೆ ಪ್ಯಾರಿಸ್ ದಾರಿ ಹೆಚ್ಚು ಇಷ್ಟ. 2018ರಿಂದ ಅಲ್ಲಿ ಒಂದೊಂದೇ ಶಾಲೆಯ ಅಂಗಳದ ಡಾಂಬರು ತೆಗೆದು ಮಣ್ಣು, ಮರ ತರುತ್ತಿದ್ದಾರೆ. ಹಾಗೆ ಮಾಡಿದ ಕೆಲವು ಅಂಗಳಗಳನ್ನು ಶಾಲೆ ಇಲ್ಲದ ಹೊತ್ತು ಸುತ್ತಲಿನವರಿಗೂ ತೆರೆದಿಡುತ್ತಾರೆ. ನೆದರ್‌ಲ್ಯಾಂಡ್ಸಿನವರು ಇದನ್ನೇ ಪಂದ್ಯ ಮಾಡಿಕೊಂಡರು. 2020ರಲ್ಲಿ ಆಮ್‌ಸ್ಟರ್‌ಡ್ಯಾಮ್ ಮತ್ತು ರಾಟರ್‌ಡ್ಯಾಮ್, ಯಾರು ಜಾಸ್ತಿ ಹಾಸುಬಿಲ್ಲೆ ಕೀಳುತ್ತಾರೆ ಅಂತ ಸ್ಪರ್ಧೆಗಿಳಿದವು. ಮರುವರ್ಷ ಅದು ಇಡೀ ದೇಶದ ಪಂದ್ಯವಾಯಿತು. ಒಂದು ಬಿಲ್ಲೆ ಸಾಮಾನ್ಯವಾಗಿ 30 ಸೆಂಟಿಮೀಟರ್ ಉದ್ದ, ಅಷ್ಟೇ ಅಗಲ. ಯಾರ ಕೈಯಲ್ಲಾದರೂ ಆಗುವ ಕೆಲಸ.

ಕಿತ್ತ ಮೇಲೇ ನಿಜವಾದ ಕೆಲಸ ಇರುವುದು. ಕೆಳಗೆ ನೀರಿನ ಪೈಪು, ಕೇಬಲ್ಲು ಇದೆಯಾ ಅಂತ ಮೊದಲು ಕೇಳಿಕೊಂಡು, ಯಂತ್ರದಿಂದ ಗೆರೆ ಕೊಯ್ದು, ಹಾರೆ ತೂರಿಸಿ ಚಪ್ಪಡಿ ಮೀಟಿದರೆ ಅದು ಮೇಲೇಳುತ್ತದೆ. ಅದರಡಿ ಇರುವುದು ಮಣ್ಣಲ್ಲ, ಬಿಗಿಯಾಗಿ ಧಮ್ಮಸ್ಸು ಮಾಡಿದ ಜಲ್ಲಿ. ಅದನ್ನು ಬಾಚಿ ತೆಗೆದ ಮೇಲೆ ಕಾಣುವ ಮಣ್ಣಿಗೂ ವರ್ಷಗಟ್ಟಲೆ ಗಾಳಿ ಆಡಿರುವುದಿಲ್ಲ, ಗುದ್ದಲಿ ಹಾಕಿದರೆ ಹೆಂಟೆ ಹೆಂಟೆಯಾಗಿ ಏಳುತ್ತದೆ. ಎರಡು ಅಡಿ ಆಳಕ್ಕೆ ಸಡಿಲ ಮಾಡಿ ಗೊಬ್ಬರ ಸೇರಿಸದೆ ಸಸಿ ಇಟ್ಟರೆ ಬೇರು ಇಳಿಯಲ್ಲ. ಪೆಟ್ರೋಲ್ ಬಂಕೋ ಗ್ಯಾರೇಜೋ ಇದ್ದ ಜಾಗವಾದರೆ ಮಣ್ಣಿನ ಪರೀಕ್ಷೆ ಮಾಡಿಸಲೇಬೇಕು. ಬರೀ ಹುಲ್ಲುಹಾಸಿಗೆ ತೃಪ್ತಿಪಡಬೇಡಿ, ಅದರಿಂದ ನೆರಳಿಲ್ಲ. ಇನ್ನು ಮರದ ಸಸಿ ನೆಟ್ಟರೆ ಮೊದಲ ಎರಡು ಮೂರು ಬೇಸಿಗೆ ಅದಕ್ಕೆ ನೀರು ಹಾಕುವವರು ಯಾರು ಅನ್ನೋದನ್ನು ಹಾರೆ ಎತ್ತುವ ಮೊದಲೇ ಹೆಸರು ಹಿಡಿದು ಗೊತ್ತು ಮಾಡಿಕೊಳ್ಳಿ.